ವರ್ಕಿಂಗ್ ಕ್ಲಾಸ್ ಅಂದ್ರೆ ಕೆಲಸಕ್ಕೆ ಹೋಗುವವರಾ? ಪ್ರಬಂಧ ತಿದ್ದಲಿಕ್ಕೆ ಹೋಗಿ ಸಿಕ್ಕಿಬಿದ್ದೆ

ಕಲ್ಸಂಕ ಮೇಷ್ಟ್ರು:
ನಮಸ್ಕಾರ. ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವ ನಾನು. ಮೊನ್ನೆ ‘ನನ್ನ ಕುಟುಂಬ’ ಅಂತ ಒಂದು ಪುಟ ಬರೆಯಲಿಕ್ಕೆ ಕೊಟ್ಟಿದ್ದೆ. ಒಬ್ಬ ಹುಡುಗ ಬರೆದ: ನಮ್ಮದು ವರ್ಕಿಂಗ್ ಕ್ಲಾಸ್ ಫ್ಯಾಮಿಲಿ, ಅಪ್ಪ ಬ್ಯಾಂಕ್ ಮ್ಯಾನೇಜರ್, ಅಮ್ಮ ವಿಮಾ ಕಚೇರಿಯಲ್ಲಿ. ಪಕ್ಕದ ಮನೆಯವರು ವರ್ಕಿಂಗ್ ಕ್ಲಾಸ್ ಅಲ್ಲ, ಅವರು ಕೂಲಿಗೆ ಹೋಗುತ್ತಾರೆ.

ನಗು ಬಂತು. ಕೆಂಪು ಪೆನ್ನಿನಲ್ಲಿ ‘ವರ್ಕಿಂಗ್’ ಹೊಡೆದುಹಾಕಿ ಮೇಲೆ ‘ಮಿಡಲ್’ ಅಂತ ಬರೆದೆ. ಸಂಜೆ ಅವ ಸ್ಟಾಫ್ ರೂಮಿನ ಬಾಗಿಲಲ್ಲಿ ಹಾಜರು. “ಸರ್, ಕೆಲಸಕ್ಕೆ ಹೋಗುವ ಹೆಂಗಸಿಗೆ ವರ್ಕಿಂಗ್ ವುಮನ್ ಅಂತಾರೆ. ಹಾಗಾದ್ರೆ ನನ್ನ ಅಮ್ಮ ಯಾಕೆ ವರ್ಕಿಂಗ್ ಕ್ಲಾಸ್ ಅಲ್ಲ?” ನಾನು ಏನೋ ಹೇಳಿದೆ. ಅವ ಬಿಡಲಿಲ್ಲ. “ಮಿಡಲ್ ಅಂದ್ರೆ ಯಾರ್ಯಾರ ಮಧ್ಯ ಸರ್? ನಮ್ಮಲ್ಲಿ ಎರಡು ಕಾರುಂಟು, ಎಪಿಎಲ್ ಕಾರ್ಡು. ಅಪ್ಪರ್ ಮಿಡಲ್ ಅಂತ ಬರೀಲಾ?” ನಾಳೆ ಹೇಳ್ತೇನೆ ಮಾರಾಯ ಅಂತ ಕಳಿಸಿದೆ. ಆ ನಾಳೆ ಆಗಿ ನಾಲ್ಕು ದಿನ ಆಯ್ತು.

ಈ ಶಬ್ದಗಳು ನಿಜಕ್ಕೂ ಯಾವುದನ್ನು ಅಳೆಯುವುದು? ದುಡ್ಡಾ, ಕೆಲಸವಾ, ಮನೆತನವಾ, ಮಾತಾಡುವ ರೀತಿಯಾ? ಬಲ್ಲವರು ಹೇಳಿ.

ಬಂಗುಡೆ ಫ್ರೈ:
ನಮ್ಮ ಮನೆಯಲ್ಲಿ ಒಂದೇ ಕ್ಲಾಸ್. ಲೇಟಾಗಿ ಬಂದರೆ ಅಮ್ಮ ತಗೊಳ್ಳುವುದು.

ಹಂಪನಕಟ್ಟೆ ವಕೀಲ:
ಮೇಷ್ಟ್ರೇ, ನೀವು ತಿದ್ದಿದ್ದು ಸರಿಯೇ, ಕಾರಣ ಹೇಳಲಿಕ್ಕೆ ಆಗಲಿಲ್ಲ ಅಷ್ಟೆ. ಇಂಗ್ಲಿಷಿನಲ್ಲಿ ವರ್ಕಿಂಗ್ ಕ್ಲಾಸ್ ಅಂದರೆ ಮೈಮುರಿದು ದುಡಿದು ಮಜೂರಿ ತಗೊಳ್ಳುವವರು. ಗಣಿ, ಗಿರಣಿ, ಬಂದರು. ಬ್ಯಾಂಕ್ ಮ್ಯಾನೇಜರಿಗೆ ಎಷ್ಟೇ ಕೆಲಸ ಇರಲಿ, ಅವರು ಅದರಲ್ಲಿ ಬರುವುದಿಲ್ಲ. ಇನ್ನು ‘ಮಿಡಲ್’: ಬ್ರಿಟನ್ನಿನಲ್ಲಿ ಮೇಲೆ ಜಮೀನು ಮತ್ತು ಬಿರುದು ಇದ್ದ ವಂಶಸ್ಥರು, ಕೆಳಗೆ ಕಾರ್ಮಿಕರು, ನಡುವೆ ವ್ಯಾಪಾರಿ, ಡಾಕ್ಟರ್, ವಕೀಲ. ಹಾಗಾಗಿ ಅಲ್ಲಿ ಮಿಡಲ್ ಕ್ಲಾಸ್ ಅಂದರೆ ಸಾಕಷ್ಟು ಅನುಕೂಲಸ್ಥರು ಅಂತಲೇ ಲೆಕ್ಕ. ‘ಪಾಪ, ಮಿಡಲ್ ಕ್ಲಾಸಿನವರು, ಇಎಂಐ ಕಟ್ಟಲಿಕ್ಕೆ ಒದ್ದಾಡ್ತಾರೆ’ ಎನ್ನುವ ನಮ್ಮ ಅರ್ಥ ಅವರಿಗೆ ಚಟ್ಟನೆ ಹೊಳೆಯುವುದಿಲ್ಲ.

ನ್ಯೂಜೆರ್ಸಿ ಕಡುಬು:
ಅಮೆರಿಕದಲ್ಲಿ ಇನ್ನೂ ತಮಾಷೆ. ನನ್ನ ಮನೆಯ ಪೈಪ್ ರಿಪೇರಿಗೆ ಬರುವವನಿಗೆ ಸ್ವಂತ ಮನೆ, ವ್ಯಾನು, ಒಂದು ದೋಣಿ ಕೂಡ ಉಂಟು. ಕೇಳಿದರೆ ಮಿಡಲ್ ಕ್ಲಾಸ್ ಅಂತಾನೆ. ನನ್ನ ಪರಿಚಯದ ಸರ್ಜನ್ ಕೂಡ ಅದನ್ನೇ ಹೇಳ್ತಾರೆ. ಇಲ್ಲಿ ‘ನಾನು ಅಪ್ಪರ್ ಕ್ಲಾಸ್’ ಅಂತ ಬಾಯಿಬಿಟ್ಟು ಹೇಳಿದವರನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ. ಎಲೆಕ್ಷನ್ ಬಂದಾಗ ಎರಡೂ ಪಾರ್ಟಿಯವರು ಮಿಡಲ್ ಕ್ಲಾಸಿಗೆ ಹಾಗೆ ಮಾಡ್ತೇವೆ ಹೀಗೆ ಮಾಡ್ತೇವೆ ಅನ್ನುವುದು. ಎಲ್ಲರೂ ಅದರಲ್ಲೇ ಇದ್ದರೆ ಓಟಿಗೆ ಸುಲಭ ಅಲ್ವಾ.

ಬೋಳಾರ ಬಾಯ್:
ಮೇಷ್ಟ್ರು ನಕ್ಕದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಕೂಲಿಗೆ ಹೋಗುವುದು ವರ್ಕ್ ಅಲ್ಲ ಅಂತ ಆ ಹುಡುಗನ ತಲೆಗೆ ತುಂಬಿಸಿದವರು ಯಾರು? ತಿದ್ದಬೇಕಾದ ಸಾಲು ಅದು. ಮೇಲಿನ ಸಾಲಿಗೆ ಕೆಂಪು ಪೆನ್ನು, ಕೆಳಗಿನದ್ದು ಹಾಗೇ ಬಿಟ್ರಿ.

ಕಲ್ಸಂಕ ಮೇಷ್ಟ್ರು:
ಇದು ನನಗೆ ಹೊಳೆದೇ ಇರಲಿಲ್ಲ. ಒಪ್ಪಿದೆ.

ಕೋಡಿ ಕನ್ಯಾನ:
ಹ್ವಾಯ್, ಇಷ್ಟೆಲ್ಲಾ ಎಂತಕ್ ಮಾರಾಯ್ರೆ? ನಮ್ ಬದಿಯಂಗೆ ಎರಡೇ ಕ್ಲಾಸ್. ಇದ್ದೋರ್, ಇಲ್ದಿದ್ದೋರ್.

ಮಳೆಗಾಲ:
ಕೋಡಿಯವರು ಹೇಳಿದ್ದಕ್ಕೆ ಸೇರಿಸ್ತೇನೆ. ನಮ್ಮಲ್ಲಿ ಬಡವರು ಅಂತ ಹೆಚ್ಚು ಹೇಳುವುದಿಲ್ಲ, ‘ಪಾಪದವರು’ ಅಂತೇವೆ. ಬೆಂಗಳೂರಿನ ಗೆಳತಿಗೆ ‘ಅವರು ಪಾಪದವರು’ ಅಂದದ್ದಕ್ಕೆ ‘ಏನು ಪಾಪ ಮಾಡಿದ್ರು’ ಅಂತ ಕೇಳಿದಳು! ಶ್ರೀಮಂತರಿಗೆ ‘ದೊಡ್ಡ ಜನ’. ಅದರಲ್ಲೂ ಸ್ವರ ನೋಡಿಕೊಳ್ಳಬೇಕು. ‘ಅವರು ದೊಡ್ಡ ಜನ’ ಅಂತ ಮೆಲ್ಲ ಹೇಳಿದರೆ ಮರ್ಯಾದೆ. ‘ಹೋ, ದೊಡ್ಡ ಜನ!’ ಅಂತ ಎಳೆದರೆ ಬೈಗುಳ.

ಬಂಗುಡೆ ಫ್ರೈ:
ತುಳುವಿನ ‘ಮಲ್ಲ ಜನ’ವೂ ಹಾಗೆಯೇ. ಎಳೆದಷ್ಟು ಖಾರ.

ಲೀಡ್ಸ್ ನರ್ಸಕ್ಕ:
ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೀತಿದ್ದೇನೆ, ಅಕ್ಷರ ತಪ್ಪಿದ್ದರೆ ಕ್ಷಮಿಸಿ. ನಾನು ಇಂಗ್ಲೆಂಡಿಗೆ ಬಂದ ಹೊಸತು. ವಾರ್ಡಿನಲ್ಲಿ ಒಬ್ಬರು ಅಜ್ಜ ಸಂಜೆ ಐದಕ್ಕೆ ‘ನನ್ನ ಟೀ ಎಲ್ಲಿ’ ಅಂತ ಕೇಳಿದರು. ಒಳ್ಳೆ ಸ್ಟ್ರಾಂಗ್ ಚಾ ಮಾಡಿ ಕೊಟ್ಟೆ. ಹತ್ತು ನಿಮಿಷ ಬಿಟ್ಟು ಪುನಃ ‘ಟೀ ಎಲ್ಲಿ?’ ಇನ್ನೊಂದು ಕೊಟ್ಟೆ. ಅಜ್ಜನಿಗೆ ಸಿಟ್ಟು ಬಂತು. ಮತ್ತೆ ಗೊತ್ತಾಯ್ತು, ಈ ಉತ್ತರದ ಕಡೆ ಕಾರ್ಮಿಕರ ಮನೆಗಳಲ್ಲಿ ಟೀ ಅಂದರೆ ಸಂಜೆಯ ಊಟವಂತೆ, ಡಿನ್ನರ್ ಅಂದರೆ ಮಧ್ಯಾಹ್ನದ ಊಟ. ದೊಡ್ಡ ಜನರು ರಾತ್ರಿಯದಕ್ಕೆ ಡಿನ್ನರ್ ಅಂತಾರೆ, ಇಲ್ಲದಿದ್ದರೆ ಸಪ್ಪರ್. ಊಟಕ್ಕೆ ಏನು ಹೇಳ್ತೀರಿ ಅಂತ ಕೇಳಿದರೆ ಸಾಕು, ಯಾವ ಮನೆಯವರು ಅಂತ ಇವರಿಗೆ ಅಂದಾಜಾಗ್ತದೆ.

ಅದಲ್ಲ ನಾನು ಹೇಳಲಿಕ್ಕೆ ಬಂದದ್ದು. ಇಲ್ಲಿ ಕೆಲಸದ ಅರ್ಜಿಯ ಕೊನೆಗೆ ಕೆಲವರು ಒಂದು ಪ್ರಶ್ನೆ ಕೇಳ್ತಾರೆ: ನಿಮಗೆ 14 ವರ್ಷ ಇದ್ದಾಗ ಮನೆಯಲ್ಲಿ ಹೆಚ್ಚು ದುಡಿಯುತ್ತಿದ್ದವರು ಏನು ಕೆಲಸ ಮಾಡುತ್ತಿದ್ದರು? ಯಾವ ಕ್ಲಾಸಿನಿಂದ ಬಂದವರು ಅಂತ ತಿಳಿಯಲಿಕ್ಕೆ. ಈಗಿನ ಸಂಬಳ ಕೇಳುವುದಿಲ್ಲ, ನೋಡಿ.

ನನಗೆ 14 ಆಗುವಾಗ ಅಪ್ಪ ಹೋಗುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿಯಾಗಿತ್ತು. ದುಡಿಯುತ್ತಿದ್ದದ್ದು ಅಮ್ಮ. ಬೀಡಿ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬಂದವರ ಹತ್ತಿರ ಮಾತಾಡುವಾಗ, ನನಗೆ ಮಗ್ಗಿ ಹೇಳಿಸುವಾಗ, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ದಿನಕ್ಕೆ ಸಾವಿರ. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿಯವ ಬೆರಳಲ್ಲಿ ಒತ್ತಿ ನೋಡಿ ಸರಿ ಇಲ್ಲ ಅಂತ ಒಂದು ಹಿಡಿ ಬದಿಗೆ ಹಾಕುವುದು, ಅದರ ದುಡ್ಡು ಹೋಯ್ತು. ಈ ಫಾರ್ಮಿನಲ್ಲಿ ಅದಕ್ಕೆ ಯಾವ ಚೌಕ? ಸಂಬಳ ಅಲ್ಲ, ಸ್ವಂತ ವ್ಯಾಪಾರ ಅಲ್ಲ, ಮನೆಯಲ್ಲೇ ಕೂತು ಮಾಡುವುದು, ಆದರೂ ಪಿಎಫ್ ಉಂಟು. ಕೊನೆಗೆ ‘ರೂಟೀನ್’ ಅಂತ ಇದ್ದದ್ದಕ್ಕೆ ಟಿಕ್ ಹಾಕಿದೆ. ಲಾರಿ ಡ್ರೈವರ್, ಕ್ಲೀನರ್, ಪೋರ್ಟರ್ ಎಲ್ಲ ಆ ಚೌಕದಲ್ಲಿದ್ದರು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಮಗಾ, ಕೆಲಸ ಸಿಗಲಿಕ್ಕೆ ಬೀಡಿ ಅಂತ ಬರೆಯಬೇಡ” ಅಂದರು. ಅದನ್ನು ಬರೆದರೇ ಇವರಿಗೆ ಒಳ್ಳೆಯದು ಅಂತ ಅವರಿಗೆ ನಂಬಿಸಲಿಕ್ಕೆ ಆಗಲಿಲ್ಲ.

ಬೋಳಾರ ಬಾಯ್:
ಅಕ್ಕ, ಇದನ್ನು ಮೇಷ್ಟ್ರ ಹುಡುಗನಿಗೆ ಓದಲಿಕ್ಕೆ ಕೊಡಬೇಕು.

ಗೋಳಿಬಜೆ:
ನರ್ಸಕ್ಕ ಹೇಳಿದ ಊಟದ ವಿಷಯ ಇಂಗ್ಲಿಷರಿಗೆ ದೊಡ್ಡ ಶಾಸ್ತ್ರ. 1954ರಲ್ಲಿ ಅಲನ್ ರಾಸ್ ಅಂತ ಬರ್ಮಿಂಗ್‌ಹ್ಯಾಮಿನ ಭಾಷಾ ಪ್ರೊಫೆಸರ್ ಒಬ್ಬರು ಇದರ ಮೇಲೆ ಲೇಖನ ಬರೆದರು. ಅಪ್ಪರ್ ಕ್ಲಾಸಿನ ಮಾತಿಗೆ ‘ಯು’, ಉಳಿದದ್ದಕ್ಕೆ ‘ನಾನ್ ಯು’. ಮಜಾ ಏನೆಂದರೆ ನಾಜೂಕಾಗಿ ಕೇಳುವ ಶಬ್ದಗಳೇ ಕೆಳಗಿನವು. ಮೇಲಿನವರು ನ್ಯಾಪ್ಕಿನ್ ಅಂದರೆ, ಮೇಲೇರಲಿಕ್ಕೆ ನೋಡುವವರು ಸರ್ವಿಯೆಟ್ ಅಂತಾರೆ. ‘ಪಾರ್ಡನ್’ ಅನ್ನುವುದು ಬಹಳ ಸಭ್ಯ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಲ್ಲ, ಅದು ನಾನ್ ಯು. ದೊಡ್ಡ ಮನೆಯವರು ಬರೀ ‘ವಾಟ್?’ ಅಂತಾರಂತೆ. ನಾವು ಕಲಿತ ಮರ್ಯಾದೆ ಅಲ್ಲಿ ಮೇಲೇರುವವರ ಗುರುತು.

ಕಲ್ಸಂಕ ಮೇಷ್ಟ್ರು:
ಅಯ್ಯೋ, ಮೂವತ್ತು ವರ್ಷದಿಂದ ಮಕ್ಕಳಿಗೆ ಪಾರ್ಡನ್ ಹೇಳಿಸ್ತಾ ಇದ್ದೇನೆ.

ಸ್ಟೇಟ್‌ಬ್ಯಾಂಕ್ ಲಾಸ್ಟ್ ಬಸ್:
ಪಾಶ್ ಬಗ್ಗೆ ಯಾರೂ ಹೇಳಲಿಲ್ಲ. ಹಿಂದೆ ಇಂಡಿಯಾಕ್ಕೆ ಬರುವ ಹಡಗಿನಲ್ಲಿ ದುಡ್ಡಿದ್ದವರು ಹೋಗುವಾಗ ಎಡಬದಿ, ಬರುವಾಗ ಬಲಬದಿಯ ಕೋಣೆ ತಗೊಳ್ಳುತ್ತಿದ್ದರು, ಬಿಸಿಲು ಬೀಳಬಾರದು ಅಂತ. ಇಂಗ್ಲಿಷಿನಲ್ಲಿ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’, ಆ ನಾಲ್ಕು ಶಬ್ದಗಳ ಮೊದಲ ಅಕ್ಷರ ಸೇರಿ ‘ಪಾಶ್’ ಆಯ್ತು. ಅಜ್ಜ ಹಳೇ ಬಂದರಿನಲ್ಲಿ ಕೆಲಸ ಮಾಡಿದವರು, ಅವರೇ ಹೇಳಿದ್ದು.

ಗೋಳಿಬಜೆ:
ಅಜ್ಜನಿಗೆ ಗೌರವ ಇಟ್ಟುಕೊಂಡೇ ಹೇಳ್ತೇನೆ, ಅದು ಕಟ್ಟುಕಥೆ. ‘ಪಾಶ್’ ಅಂತ ಅಚ್ಚಾದ ಒಂದೇ ಒಂದು ಹಡಗಿನ ಟಿಕೆಟ್ ಯಾರಿಗೂ ಸಿಕ್ಕಿಲ್ಲ.

ಸ್ಟೇಟ್‌ಬ್ಯಾಂಕ್ ಲಾಸ್ಟ್ ಬಸ್:
ಟಿಕೆಟ್ ಇಟ್ಟುಕೊಳ್ಳಲಿಕ್ಕೆ ಅದೇನು ಸಿಟಿ ಬಸ್ಸಾ? ಅಜ್ಜ ಸುಳ್ಳು ಹೇಳುವವರಲ್ಲ.

ಗೋಳಿಬಜೆ:
ಅಜ್ಜ ಸುಳ್ಳು ಹೇಳಿದ್ರು ಅನ್ನಲಿಲ್ಲ ಮಾರಾಯ್ರೆ. ಅಜ್ಜನಿಗೆ ಹೇಳಿದವ ಹೇಳಿದ.

ಕೊಡಿಯಾಲ ಮಾಮ್:
ಹಡಗಿನ ಮಾತು ಬಂತಲ್ಲ, ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರನ್ನು ಬಿಟ್ಟರೆ ಹೇಗೆ? ಇಂಗ್ಲಿಷಿನ ‘ಕ್ಯಾಸ್ಟ್’ ಪೋರ್ಚುಗೀಸರ ‘ಕಾಸ್ತಾ’ದಿಂದ ಬಂದದ್ದು, ವಂಶ, ತಳಿ ಅಂತ ಅರ್ಥ. ‘ಪ್ಯೂನ್’ ಕೂಡ ಅವರದ್ದೇ, ಕಾಲ್ನಡಿಗೆಯವನು, ಕಾಲಾಳು. ಚೆಸ್ಸಿನ ‘ಪಾನ್’ ಅದರ ದಾಯಾದಿ. ಅಂಗನವಾಡಿಯ ‘ಆಯಾ’ ಸಹ ಪೋರ್ಚುಗೀಸ್, ಮಗು ನೋಡಿಕೊಳ್ಳುವವಳು. ಅವರು ಬಿಟ್ಟುಹೋದದ್ದರಲ್ಲಿ ಎಷ್ಟೊಂದು ಕೆಳಗೆ ನಿಲ್ಲಿಸುವ ಶಬ್ದ ನೋಡಿ.

ರಿಟೈರ್ಡ್ ಕ್ಯಾಷಿಯರ್:
ಕೊಡಿಯಾಲದವರು ಪ್ಯೂನ್ ಅಂದದ್ದಕ್ಕೆ ನೆನಪಾಯ್ತು. ನಾನು ಬ್ಯಾಂಕಿಗೆ ಸೇರುವಾಗ ಪ್ಯೂನ್ ಅಂತಿತ್ತು, ಆಮೇಲೆ ಅಟೆಂಡರ್, ಆಮೇಲೆ ಸಬ್ ಸ್ಟಾಫ್. ಗಂಟೆ ಹೊಡೆದರೆ ಬರುವವನು ಅವನೇ.

ಈ ಜಿಲ್ಲೆಯ ಮಿಡಲ್ ಕ್ಲಾಸನ್ನು ಮಾಡಿದ್ದು ಬ್ಯಾಂಕುಗಳು ಅಂತ ನನ್ನ ವಾದ. 1906ರಲ್ಲೇ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್. 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತಿದರು. ಎರಡಾಣೆ ಇಡುವವರ ಮಗ ಓದಿ ಕ್ಲಾರ್ಕ್ ಆದ. ಕ್ಲಾರ್ಕಿನ ಮಗ ಈಗ ಎಲ್ಲೋ ಅಮೆರಿಕದಲ್ಲಿ ಕಡುಬು ಅಂತ ಹೆಸರಿಟ್ಟುಕೊಂಡಿದ್ದಾನೆ.

ನ್ಯೂಜೆರ್ಸಿ ಕಡುಬು:
ಸರ್, ನೂರಕ್ಕೆ ನೂರು. ಅಪ್ಪ ಕ್ಲಾರ್ಕ್.

ಹಂಪನಕಟ್ಟೆ ವಕೀಲ:
ವಿಷಯಕ್ಕೆ ಬರೋಣ. ನಮ್ಮಲ್ಲಿ ಗೊಂದಲ ಹೆಚ್ಚಾಗಲಿಕ್ಕೆ ಸಂವಿಧಾನದ ಇಂಗ್ಲಿಷೂ ಕಾರಣ. ಅಲ್ಲಿ ‘ಬ್ಯಾಕ್‌ವರ್ಡ್ ಕ್ಲಾಸಸ್’ ಅಂತ ಉಂಟು, ಬ್ಯಾಕ್‌ವರ್ಡ್ ಕ್ಯಾಸ್ಟ್ ಅಂತ ಅಲ್ಲ. ಹಿಂದುಳಿದವರಿಗೆ ವಿಶೇಷ ಅವಕಾಶದ 15(4)ನೇ ವಿಧಿ ಬಂದದ್ದು 1951ರ ಮೊದಲ ತಿದ್ದುಪಡಿಯಲ್ಲಿ, ಆಗ ನಮ್ಮ ಜಿಲ್ಲೆ ಮದ್ರಾಸಿನ ಕೆಳಗೆ. ಹಾಗಾದರೆ ಕ್ಲಾಸ್ ಅಂದರೆ ಕ್ಯಾಸ್ಟಾ? ಬಾಲಾಜಿ ಮತ್ತು ಮೈಸೂರು ರಾಜ್ಯದ ಕೇಸಿನಲ್ಲಿ 1962ರಲ್ಲಿ ಸುಪ್ರೀಂ ಕೋರ್ಟು, ಜಾತಿ ಒಂದನ್ನೇ ಅಳತೆ ಮಾಡಬೇಡಿ ಅಂತು. 1992ರ ಇಂದ್ರಾ ಸಾಹ್ನಿ ಕೇಸಿನಲ್ಲಿ ಒಂದು ಜಾತಿಯೇ ಒಂದು ಕ್ಲಾಸ್ ಆಗಬಹುದು, ಆದರೆ ಅದರ ಕ್ರೀಮಿ ಲೇಯರನ್ನು, ಅಂದರೆ ಅದರಲ್ಲೇ ಮುಂದೆ ಬಂದವರನ್ನು, ಮೀಸಲಾತಿಯಿಂದ ಹೊರಗಿಡಿ ಅಂತ ಹೇಳಿತು. ಅಂದರೆ ಹೊರಗಿನ ಗೆರೆ ಜಾತಿಯದ್ದು, ಒಳಗಿನ ಗೆರೆ ಅಂತಸ್ತಿನದ್ದು. ಪತ್ರಿಕೆಯವರು ಅದಕ್ಕೆ ‘ಕೆನೆಪದರ’ ಅಂತ ಚಂದದ ಶಬ್ದ ಮಾಡಿದರು. ‘ಮೇಲ್ವರ್ಗ’ವನ್ನು ಮಾತ್ರ ಕೆಡಿಸಿದರು. ಪೇಪರಿನಲ್ಲಿ ಅದನ್ನು ಓದಿದರೆ ಶ್ರೀಮಂತರು ಅಂತ ತಿಳಿಯಬೇಕಾ, ಮೇಲ್ಜಾತಿ ಅಂತಲಾ? ಹತ್ತರಲ್ಲಿ ಒಂಬತ್ತು ಸಲ ಎರಡನೆಯದ್ದು.

ಕಾರ್ಕಳ ಸರ್ವೇಯರ್:
ವಕೀಲರೇ, ವರ್ಗ ಅಂದರೆ ಕ್ಲಾಸ್ ಅಂತ ಮಾಡಿದ್ದು ಪುಸ್ತಕದವರು. ನಮ್ಮ ಜಿಲ್ಲೆಯ ಕಡತದಲ್ಲಿ ವರ್ಗ ಅಂದರೆ ಜಾಗ. ಒಬ್ಬನ ಹೆಸರಿನಲ್ಲಿ ತೀರ್ವೆ, ಅಂದರೆ ಕಂದಾಯ, ಕಟ್ಟುವ ಹಿಡುವಳಿ, ಅವನು ವರ್ಗದಾರ. ವರ್ಗಕ್ಕೆ ತಾಗಿ ನೂರು ಗಜದ ಒಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಹಕ್ಕು ಅವನಿಗೆ, ಅದು ಕುಮ್ಕಿ. ವರ್ಗದ ಕೆಳಗೆ ಮೂಲಗೇಣಿಯವ, ಅವನ ಕೆಳಗೆ ಚಾಲಗೇಣಿಯವ. ಮೂಲಗೇಣಿಯವನನ್ನು ಎಬ್ಬಿಸಲಿಕ್ಕೆ ಆಗುವುದಿಲ್ಲ, ಚಾಲಗೇಣಿಯವನನ್ನು ಧಣಿಗೆ ಮನಸ್ಸು ಬಂದರೆ ಎಬ್ಬಿಸಬಹುದಿತ್ತು. ಇದಕ್ಕಿಂತ ಸರಿಯಾದ ಅಪ್ಪರ್, ಮಿಡಲ್, ಲೋವರ್ ನಿಮ್ಮ ಇಂಗ್ಲಿಷಿನಲ್ಲಿ ಉಂಟಾ? ಏನೂ ಇಲ್ಲದೆ ಅವರ ಗದ್ದೆಯಲ್ಲಿ ದುಡಿದವರು ಈ ಕಡತಕ್ಕೇ ಬರಲಿಲ್ಲ, ಅದೂ ಗೊತ್ತಿರಲಿ.

ಕಚೇರಿಯವರಿಗೆ ಬಿಳಿ ಕಾಲರು, ಮೈಮುರಿದು ದುಡಿಯುವವರಿಗೆ ನೀಲಿ ಕಾಲರು ಅಂತಾರೆ. ನನ್ನ ಅಜ್ಜನಿಗೆ ಅಂಗಿಯೇ ಇರಲಿಲ್ಲ. ಗೇಣಿ ಅಕ್ಕಿಯ ಮುಡಿ ಹೊತ್ತು ಧಣಿಯ ಮನೆಗೆ ಹೋದರೆ ನಿಲ್ಲುವುದು ಅಂಗಳದಲ್ಲಿ, ಚಾವಡಿ ಹತ್ತುವ ಹಾಗಿಲ್ಲ. 1974ರ ಭೂಸುಧಾರಣೆ ಬಂದಾಗ ಗೇಣಿಯ ಜಾಗ ನಮಗಾಗಬೇಕು ಅಂತ ಅಪ್ಪ ಡಿಕ್ಲರೇಶನ್ ಹಾಕಿದರು. ಟ್ರಿಬ್ಯೂನಲಿನಲ್ಲಿ ಜಾಗ ನಮ್ಮ ಹೆಸರಿಗೆ ಆಯ್ತು. ಆ ಮೇಲೂ ಅಜ್ಜ ಆ ಚಾವಡಿ ಹತ್ತಲಿಲ್ಲ. ಹತ್ತಬಾರದು ಅಂತ ಯಾರೂ ಹೇಳುತ್ತಿರಲಿಲ್ಲ ಆಗ. ಅವರ ಕಾಲೇ ಏಳುತ್ತಿರಲಿಲ್ಲ.

ಸ್ಟೇಟ್‌ಬ್ಯಾಂಕ್ ಲಾಸ್ಟ್ ಬಸ್:
1974 ಅಂದ್ರಲ್ಲ, ರೈಲಿನಲ್ಲಿ ಥರ್ಡ್ ಕ್ಲಾಸ್ ತೆಗೆದದ್ದೂ ಅದೇ ವರ್ಷ. ಡಬ್ಬಿ ಹೋಗಿ ಐವತ್ತು ವರ್ಷ ಆದರೂ ‘ಥರ್ಡ್ ಕ್ಲಾಸ್ ಜನ’ ಅನ್ನುವ ಬೈಗುಳ ಹೋಗಲಿಲ್ಲ. ಇದಕ್ಕೂ ಟಿಕೆಟ್ ತೋರಿಸು ಅಂತ ಕೇಳಬೇಡಿ.

ಗೋಳಿಬಜೆ:
ಇದು ಸರಿ ಉಂಟು. ಥಿಯೇಟರಿನ ಮುಂದಿನ ಸಾಲಿಗೆ ‘ಗಾಂಧಿ ಕ್ಲಾಸ್’ ಅನ್ನುವುದು ಕೂಡ ಗಾಂಧೀಜಿ ಥರ್ಡ್ ಕ್ಲಾಸಿನಲ್ಲಿ ಹೋಗುತ್ತಿದ್ದ ಕಾರಣಕ್ಕೇ. ಮತ್ತೆ ‘ಲೋಕಲ್’ ನೋಡಿ. ಇಂಗ್ಲಿಷಿನಲ್ಲಿ ಸ್ಥಳೀಯ ಅಷ್ಟೆ. ನಮ್ಮಲ್ಲಿ ‘ಅವ ಸ್ವಲ್ಪ ಲೋಕಲ್’ ಅಂದರೆ ಹುಡುಗಿ ಕೊಡಬೇಡಿ ಅಂತ.

ಮಳೆಗಾಲ:
‘ಡೀಸೆಂಟ್ ಫ್ಯಾಮಿಲಿ’ ಬಿಟ್ರಿ. ನನ್ನ ಮದುವೆಗೆ ನೋಡುವಾಗ ಬ್ರೋಕರ್ ಮಾತು ಮಾತಿಗೆ ಅದೇ. ಡೀಸೆಂಟ್ ಅಂದರೆ ಎಂತ ಅಂತ ಕೇಳಿದೆ. ‘ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿದ್ದಾರೆ’ ಅಂದ್ರು.

ಬಂಗುಡೆ ಫ್ರೈ:
ಎಲ್ಲ ಬಿಡಿ, ಮೀನಿನಲ್ಲಿ ಕ್ಲಾಸ್ ಸ್ಪಷ್ಟ ಉಂಟು. ಅಂಜಲ್, ಮಾಂಜಿ ಅಪ್ಪರ್. ಬಂಗುಡೆ ಮಿಡಲ್. ಬೂತಾಯಿ ವರ್ಕಿಂಗ್.

ಕೋಡಿ ಕನ್ಯಾನ:
ಬೂತಾಯಿ ರೇಟ್ ಕೇಂಡಿದ್ರ್ಯಾ ಇತ್ಲಾಗೆ? ಅದೂ ದೊಡ್ಡ ಜನ ಆಯ್ತ್.

ರಥಬೀದಿ ಸಾರು:
ಶುದ್ಧ ಸಸ್ಯಾಹಾರಿಗಳೂ ಇದನ್ನು ಓದುತ್ತಿದ್ದಾರೆ ಎಂದು ನೆನಪಿಸುತ್ತೇನೆ. ಕುಚ್ಚಲಕ್ಕಿಯ ಉದಾಹರಣೆ ಕೊಡಬಹುದಿತ್ತು. ಗದ್ದೆಯಲ್ಲಿ ದುಡಿಯುವವರ ಗಂಜಿ ಅಂತ ಮೂಗು ಮುರಿಯುತ್ತಿದ್ದವರು ಈಗ ಹೋಟೆಲಿನಲ್ಲಿ ಮಣ್ಣಿನ ಬಟ್ಟಲಲ್ಲಿ ‘ಗಂಜಿ ಊಟ’ ಅಂತ ದುಡ್ಡು ಕೊಟ್ಟು ಉಣ್ಣುತ್ತಾರೆ.

ಬಂಗುಡೆ ಫ್ರೈ:
ಗಂಜಿಗೆ ಒಣಮೀನು ಚಟ್ನಿ ಇಲ್ಲದೆ ಎಂತ ಊಟ ಸ್ವಾಮೀ.

ಕೊಡಿಯಾಲ ಮಾಮ್:
ಕೂಲಿ ಶಬ್ದದ ಬಗ್ಗೆ ಒಂದು. ನಮಗೆ ಕೂಲಿ ಅಂದರೆ ದುಡಿದದ್ದಕ್ಕೆ ಸಿಗುವ ಹಣ. ಇಂಗ್ಲಿಷರು ಅದನ್ನೇ ಮನುಷ್ಯನಿಗೆ ಹೆಸರು ಮಾಡಿದರು. ಗುಜರಾತಿನ ಕೋಲಿ ಸಮುದಾಯದ ಹೆಸರಿನಿಂದ ಬಂತು ಎನ್ನುವ ವಾದವೂ ಉಂಟು. ಏನೇ ಇರಲಿ, ದಕ್ಷಿಣ ಆಫ್ರಿಕದಲ್ಲಿ ಭಾರತೀಯರನ್ನು ಹಾಗೆ ಕರೆಯುವುದು ಜನಾಂಗೀಯ ಬೈಗುಳ.

ಗೋಳಿಬಜೆ:
ಹಣದಿಂದ ಹೆಸರು ಬಂದದ್ದು ‘ಕ್ಲಾಸ್’ ಶಬ್ದಕ್ಕೇ ಹೊಂದುತ್ತದೆ. ರೋಮಿನಲ್ಲಿ ಜನಗಣತಿ ಮಾಡಿ ಆಸ್ತಿಯ ಲೆಕ್ಕದಲ್ಲಿ ಜನರನ್ನು ವಿಂಗಡಿಸುತ್ತಿದ್ದರು, ಅದು ‘ಕ್ಲಾಸಿಸ್’. ಆಸ್ತಿಯೇ ಇಲ್ಲದವನು ಪ್ರೊಲೆಟೇರಿಯಸ್, ದೇಶಕ್ಕೆ ಕೊಡಲಿಕ್ಕೆ ಅವನ ಹತ್ತಿರ ಇದ್ದದ್ದು ಮಕ್ಕಳು ಮಾತ್ರ ಅಂತ. ಸರ್ವೇಯರ್ ಸರ್ ಹೇಳಿದ ವರ್ಗವೂ ಆಸ್ತಿಯೇ. ನಾವು ಕನ್ನಡಕ್ಕೆ ಶಬ್ದ ಸರಿಯಾಗಿಯೇ ಆರಿಸಿದ್ದೇವೆ, ಗೊತ್ತಿಲ್ಲದೆ.

ಹಂಪನಕಟ್ಟೆ ವಕೀಲ:
ಕಾಕತಾಳೀಯ. ‘ವರ್ಗ’ ಸಂಸ್ಕೃತದಲ್ಲೇ ಗುಂಪು, ವಿಭಾಗ. ಕವರ್ಗ ಚವರ್ಗ ಅಂತ ಓದಿಲ್ವಾ. ಕ ಖ ಗ ಘಕ್ಕೆ ಯಾವ ಆಸ್ತಿ?

ಗೋಳಿಬಜೆ:
ವಕೀಲರ ಹತ್ತಿರ ವಾದ ಮಾಡಿ ಯಾರು ಗೆದ್ದಿದ್ದಾರೆ.

ಮಳೆಗಾಲ:
ಮೇಷ್ಟ್ರೇ, ಇನ್ನೊಂದು ತಲೆಬಿಸಿ. ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಈಟನ್ ಹಾಗೆ ಭಯಂಕರ ಫೀಸಿನದ್ದು, ಅಮೆರಿಕದಲ್ಲಿ ಸರಕಾರಿ. ನಮ್ಮಲ್ಲಿ ಪಬ್ಲಿಕ್ ಸ್ಕೂಲ್ ಅಂತ ಬೋರ್ಡು ಹಾಕಿದವರು ಪ್ರೈವೇಟು, ಆದರೆ ಕರ್ನಾಟಕ ಪಬ್ಲಿಕ್ ಶಾಲೆ ಸರಕಾರದ್ದು. ಮಕ್ಕಳಿಗೆ ಹೇಗೆ ಹೇಳಿಕೊಡ್ತೀರಿ?

ಕಲ್ಸಂಕ ಮೇಷ್ಟ್ರು:
ಅದಕ್ಕೆ ಬೇರೆ ಪೋಸ್ಟ್ ಹಾಕಿ, ಒಂದರಲ್ಲೇ ಸುಸ್ತಾಗಿದೆ.

ಇವತ್ತು ಹುಡುಗನನ್ನು ಕರೆದೆ. ಇಂಗ್ಲೆಂಡ್, ಅಮೆರಿಕ, ಇಲ್ಲಿಯದ್ದು ಮೂರೂ ಹೇಳಿದೆ. ನಾನು ಹೊಡೆದುಹಾಕಿದ ‘ವರ್ಕಿಂಗ್’ ಕೂಡ ಶಬ್ದದ ಲೆಕ್ಕದಲ್ಲಿ ತಪ್ಪಲ್ಲ, ಬಳಕೆಯ ಲೆಕ್ಕದಲ್ಲಿ ತಪ್ಪು ಅಂತ ಹೇಳಿದೆ. ಬೋಳಾರದವರು ಹೇಳಿದ ಸಾಲನ್ನು ಅವನೇ ತಿದ್ದಲಿ ಅಂತ ಪುಸ್ತಕ ಕೊಟ್ಟೆ. ತುಂಬಾ ಹೊತ್ತು ಕೂತ. ಕೊನೆಗೆ ಬರೆದದ್ದು: ‘ಪಕ್ಕದ ಮನೆಯವರು ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಹೋಗುತ್ತಾರೆ. ನನ್ನ ಅಪ್ಪ ಒಂಬತ್ತೂವರೆಗೆ ಹೋಗುತ್ತಾರೆ.’ ಕ್ಲಾಸ್ ಎಲ್ಲಿ ಹೋಯ್ತು ಅಂತ ಕೇಳಿದೆ. “ತೆಗೆದೆ ಸರ್, ಮಾರ್ಕ್ ಕಟ್ ಆಗ್ತದಾ?” ಅಂದ.

ಲೀಡ್ಸ್ ನರ್ಸಕ್ಕ:
ಫುಲ್ ಮಾರ್ಕ್ಸ್ ಕೊಡಿ ಸರ್.

ಬಂಗುಡೆ ಫ್ರೈ:
ಅರ್ಧ ಕಟ್ ಮಾಡಿ. ಅಪ್ಪ ಒಂಬತ್ತೂವರೆಗೆ ಬ್ಯಾಂಕಿಗೆ ಮುಟ್ಟುವುದು ಅಂತ ಮೇಲಿನವರಿಗೆ ಗೊತ್ತಾದರೆ ಕಷ್ಟ.

ಪೆರ್ಡೂರು ಪಾರ್ಟಿ:
ಕಾರ್ಕಳ ಸರ್ವೇಯರ್ ಸರ್, ವರ್ಗ ಅಂತ ಸರ್ಚ್ ಮಾಡುವಾಗ ಇದು ಬಂತು. ಹಿರಿಯಡ್ಕ ಬದಿಯಲ್ಲಿ ಹತ್ತು ಸೆಂಟ್ಸ್ ವರ್ಗ ಜಾಗ ಯಾರದ್ದಾದರೂ ಉಂಟಾ? ರೋಡ್ ಸೈಡ್ ಆಗಬೇಕು. ಕುಮ್ಕಿ ಬೇಡ.